ಕೂಗಿಲ್ಲದ ನಾಯಿಕೆಮ್ಮು



ಈ ತಿಂಗಳ ಗೋಡೆ ಪತ್ರಿಕೆಗೆ ‘ಮಕ್ಕಳಿಗೆ ಬರುವ ಸಾಂಕ್ರಾಮಿಕ ರೋಗಗಳು’ ಎಂಬ ವಿಷಯವನ್ನು ಆರಿಸಿ, ಅದರ ಮುಂದೆ ವಿಜ್ಞಾನ ಮೇಷ್ಟ್ರು ನನ್ನ ಹೆಸರನ್ನೇ ಬರೆದುಬಿಟ್ಟರು. ಯಾಕೆ ಅಂತ ನನಗೆ ಗೊತ್ತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ, ಮಂಗನಬಾವು ಎಂದು ಪುಸ್ತಕ ನೋಡಿ ಪಟ್ಟಿ ಬರೆಯಬಹುದಿತ್ತು. ಆ ಪಟ್ಟಿ ಏಳನೇ ತರಗತಿಯವರಿಗೂ ಬಾಯಿಪಾಠ. ಅದಕ್ಕೆ ನಾನು ನಾಯಿಕೆಮ್ಮು ಒಂದನ್ನೇ ಹಿಡಿದುಕೊಂಡು ಬರೆಯುತ್ತೇನೆ, ಕೊನೆಗೆ ಮಿದುಳುಪೊರೆಯ ಜ್ವರದ ಬಗ್ಗೆಯೂ ಸ್ವಲ್ಪ. ಯಾಕೆಂದರೆ ನಾಯಿಕೆಮ್ಮನ್ನು ನಮ್ಮ ಮನೆಗೆ ತಂದವಳು ನಾನೇ.

ಹೋದ ವರ್ಷ ದಸರಾ ರಜೆಗೆ ಮುಂಚೆ ನನಗೆ ನೆಗಡಿ ಆಯಿತು. ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಹಗಲಲ್ಲಿ ಅಷ್ಟೇನಿಲ್ಲ, ರಾತ್ರಿ ಮಲಗಿದರೆ ಶುರು. ಉಸಿರು ತೆಗೆದುಕೊಳ್ಳಲೂ ಬಿಡದೆ ಹತ್ತು ಹದಿನೈದು ಸಲ ಕೆಮ್ಮು ಬಂದು, ಕೊನೆಗೆ ವಾಂತಿ ಬಂದಂತಾಗಿ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದರೆ ಆರಾಮು. ಖೋಖೋ ಕೂಡ ಆಡುತ್ತಿದ್ದೆ. ಜ್ವರ ಇಲ್ಲವಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವ ಶುಂಠಿ ಕಷಾಯ ಮಾಡಿಕೊಟ್ಟಳು. ತರಗತಿಯಲ್ಲಿ ಇನ್ನೂ ನಾಲ್ಕೈದು ಜನ ಹೀಗೇ ಕೆಮ್ಮುತ್ತಿದ್ದರು. ‘ಹವಾ ಬದಲಾಗೈತೆ’ ಎಂದು ಎಲ್ಲರೂ ಸುಮ್ಮನಾದರು.

ಅದೇ ಹೊತ್ತಿಗೆ ನಮ್ಮಕ್ಕ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಆಗ ಮೂರು ವಾರ. ನಾನು ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಕಿ, ಕೈ ಕೂಡ ತೊಳೆಯದೆ ಪಾಪೂನ ಎತ್ತಿಕೊಳ್ಳುತ್ತಿದ್ದೆ. ಕೆಮ್ಮು ಬಂದರೆ ಮುಖ ಆ ಕಡೆ ತಿರುಗಿಸುತ್ತಿದ್ದೆ. ಅಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದೆ.

ಎರಡು ವಾರ ಆದ ಮೇಲೆ ಪಾಪುವಿಗೆ ಮೂಗು ಸೋರಲು ಶುರುವಾಯಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟುಬಿಡುತ್ತಿತ್ತು. ಒಂದೆರಡು ಸಲ ಸಣ್ಣಗೆ ಕೆಮ್ಮಿ ಮುಖ ಕೆಂಪಗೆ ಮಾಡಿಕೊಳ್ಳುತ್ತಿತ್ತು, ಅಷ್ಟೇ. ಮೂರನೇ ದಿನ ರಾತ್ರಿ ಅಕ್ಕ ಕಿರುಚಿದಳು. ಲೈಟು ಹಾಕಿ ನೋಡಿದರೆ ಮಗುವಿನ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಗಿತ್ತು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಅಜ್ಜಿ ಮಗುವನ್ನು ಕೈಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟಿದಳು. ಸ್ವಲ್ಪ ಹೊತ್ತಿಗೆ ಉಸಿರು ಎಳೆದುಕೊಂಡು ಅತ್ತಿತು. ಆ ಸ್ವಲ್ಪ ಹೊತ್ತು ಎಷ್ಟು ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

೧೦೮ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಆಮ್ಲಜನಕ ಹಾಕಿಕೊಂಡೇ ಜಿಲ್ಲೆಯ ಆಸ್ಪತ್ರೆಗೆ ಹೋದೆವು. ಅಲ್ಲಿನ ಮಕ್ಕಳ ಡಾಕ್ಟರು ಮೇಡಂ ಮಗುವನ್ನು ನೋಡುತ್ತಲೇ ಕೇಳಿದ ಮೊದಲ ಮಾತು, “ಮನೆಯಲ್ಲಿ ಯಾರಿಗಾದರೂ ತುಂಬಾ ದಿನದಿಂದ ಕೆಮ್ಮು ಇದೆಯಾ?” ಎಲ್ಲರೂ ನನ್ನ ಕಡೆ ನೋಡಿದರು.

ಈಗ ಪಾಠಕ್ಕೆ ಬರೋಣ.

ನಾಯಿಕೆಮ್ಮು ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದರ ಹೆಸರು ಬಾರ್ಡಟೆಲ್ಲಾ ಪರ್ಟುಸಿಸ್. ನಮ್ಮ ಉಸಿರಿನ ಕೊಳವೆಯ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿವೆ. ಗಾಳಿಗೆ ಭತ್ತದ ಪೈರು ಒಂದೇ ಕಡೆ ತೂಗುವಂತೆ ಅವು ಒಂದೇ ಕಡೆ ಬಡಿಯುತ್ತಾ, ಒಳಗೆ ಹೋದ ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತವೆ. (ಪಕ್ಕದ ಚಿತ್ರ ನೋಡಿ. ಬಣ್ಣದ ಪೆನ್ಸಿಲ್ ಮುಗಿದು ಹೋದದ್ದರಿಂದ ರೋಮಗಳು ಹಸಿರಾಗಿವೆ. ನಿಜವಾಗಿ ಹಸಿರಲ್ಲ.) ಈ ಬ್ಯಾಕ್ಟೀರಿಯಾ ಬಂದು ಆ ರೋಮಗಳಿಗೇ ಅಂಟಿಕೊಳ್ಳುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಅಲ್ಲೇ ಕೂತು ವಿಷ ಬಿಡುತ್ತದೆ. ರೋಮಗಳು ಬಡಿಯುವುದು ನಿಂತು ಹೋಗಿ ಕೊನೆಗೆ ಆ ಜೀವಕೋಶಗಳೇ ಸಾಯುತ್ತವೆ. ಕಸ ಗುಡಿಸುವವರೇ ಇಲ್ಲದಿದ್ದರೆ ಕಫ ಕಟ್ಟಿಕೊಳ್ಳದೆ ಇನ್ನೇನು? ಅದನ್ನು ಹೊರಗೆ ಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮು ಒಂದೇ.

ಔಷಧಿ ತೆಗೆದುಕೊಂಡ ಮೇಲೂ ಕೆಮ್ಮು ತಿಂಗಳುಗಟ್ಟಲೆ ಯಾಕೆ ಇರುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಹಾಳಾದ ಗೋಡೆ ಮತ್ತೆ ಬೆಳೆಯಬೇಕಲ್ಲ. ಚೀನಾ, ಜಪಾನ್ ದೇಶಗಳಲ್ಲಿ ಈ ರೋಗಕ್ಕೆ ‘ನೂರು ದಿನದ ಕೆಮ್ಮು’ ಎಂದೇ ಹೆಸರು.

ರೋಗಾಣು ಒಳಗೆ ಹೋದ ಮೇಲೆ ಸಾಮಾನ್ಯವಾಗಿ ೭ರಿಂದ ೧೦ ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದೆರಡು ವಾರ ಬರೀ ನೆಗಡಿ, ಸಣ್ಣ ಕೆಮ್ಮು. ಮೋಸ ಇರುವುದು ಇಲ್ಲೇ. ರೋಗ ಅತಿ ಹೆಚ್ಚು ಹರಡುವುದು ಈ ದಿನಗಳಲ್ಲಿ, ಆದರೆ ಇದು ನಾಯಿಕೆಮ್ಮು ಎಂದು ಯಾರಿಗೂ ತಿಳಿಯುವುದಿಲ್ಲ. ಅದಾದ ಮೇಲೆ ಬರುವುದು ಬಿಡದೆ ಕೆಮ್ಮುವ ಕಾಲ. ಒಂದು ಸರದಿ ಕೆಮ್ಮಿ ಮುಗಿದಾಗ ಕೊಳವೆ ಕಿರಿದಾಗಿರುತ್ತದೆ. ಅದರೊಳಗೆ ಜೋರಾಗಿ ಉಸಿರು ಎಳೆದುಕೊಂಡರೆ ‘ಊಪ್’ ಎಂದು ಕೂಗಿದಂತೆ ಸದ್ದು ಬರುತ್ತದೆ. ಇಂಗ್ಲಿಷಿನಲ್ಲಿ ‘ಊಪಿಂಗ್ ಕಾಫ್’ ಅನ್ನುವುದು ಈ ಸದ್ದಿನಿಂದಲೇ.

ಹಾಗಾದರೆ ನಮ್ಮ ಪಾಪು ಯಾಕೆ ಕೂಗಲಿಲ್ಲ? ಇದನ್ನು ನಾನು ಮೇಡಂ ಹತ್ತಿರ ಕೇಳಿದೆ. ಹಾಗೆ ಜೋರಾಗಿ ಉಸಿರು ಎಳೆದುಕೊಳ್ಳುವ ಶಕ್ತಿ ಆರು ತಿಂಗಳೊಳಗಿನ ಮಕ್ಕಳಿಗೆ ಇರುವುದಿಲ್ಲವಂತೆ. ಅವು ಕೆಲವೊಮ್ಮೆ ಕೆಮ್ಮುವುದೂ ಇಲ್ಲ. ಸುಮ್ಮನೆ ಉಸಿರು ನಿಲ್ಲಿಸಿ ನೀಲಿಯಾಗುತ್ತವೆ. ‘ನಾಯಿಕೆಮ್ಮು ಅಂದರೆ ನಾಯಿ ತರಹ ಸದ್ದು ಬರಬೇಕು’ ಎಂದು ಕಾಯುತ್ತಾ ಕೂತರೆ ಹಸುಗೂಸಿನ ವಿಷಯದಲ್ಲಿ ಕೆಟ್ಟೆವು. ಈ ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಈ ಸದ್ದು ಮಾಡಲಾರದ ಮಕ್ಕಳೇ. ಹಾಲು ಬಿಡುವುದು, ಕೆಮ್ಮಿನ ಜೊತೆ ಮುಖ ಕೆಂಪು ಅಥವಾ ನೀಲಿ ಆಗುವುದು, ಉಸಿರು ನಿಂತು ನಿಂತು ಬರುವುದು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿಯೇ ಹೊರಡಬೇಕು. ಬೆಳಗಾಗಲಿ ಅನ್ನಬಾರದು.

ಆಸ್ಪತ್ರೆಯಲ್ಲಿ ಮೂಗಿನ ಒಳಗಿಂದ ಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಬಿಳಿ ರಕ್ತಕಣಗಳು ವಿಪರೀತ ಏರಿದ್ದವು. ಈ ರೋಗದಲ್ಲಿ ಹಾಗಾಗುತ್ತದೆ. ಮಗುವಿಗೆ ಅಜಿಥ್ರೋಮೈಸಿನ್ ಔಷಧಿ ಶುರು ಮಾಡಿ, ಮನೆಯಲ್ಲಿದ್ದ ನಮ್ಮ ಐದು ಜನಕ್ಕೂ ಅದನ್ನೇ ಐದು ದಿನ ನುಂಗಿಸಿದರು. ಅಜ್ಜಿ ಮಾತ್ರ “ನಂಗೆ ಕೆಮ್ಮೇ ಇಲ್ವಲ್ಲ, ನಂಗ್ಯಾಕೆ ಮಾತ್ರೆ?” ಎಂದು ಎರಡು ದಿನ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಅಕ್ಕ ಕಂಡುಹಿಡಿದು ನುಂಗಿಸಿದಳು.

ನನಗೆ ಅರ್ಥವಾಗದೆ ಉಳಿದದ್ದು ಇನ್ನೊಂದು. ನನಗೆ ಚಿಕ್ಕಂದಿನಲ್ಲಿ ಎಲ್ಲ ಲಸಿಕೆ ಹಾಕಿಸಿದ್ದಾರೆ. ತಾಯಿ ಕಾರ್ಡಿನಲ್ಲಿ ಐದು ವರ್ಷದ ಡಿಪಿಟಿ ತನಕ ಟಿಕ್ ಇದೆ. ಹತ್ತನೇ ವರ್ಷಕ್ಕೆ ಶಾಲೆಯಲ್ಲೇ ಸಾಲಾಗಿ ನಿಲ್ಲಿಸಿ ಹಾಕಿದ ಸೂಜಿಯನ್ನೂ ಅಳದೆ ಹಾಕಿಸಿಕೊಂಡಿದ್ದೆ. ಆದರೂ ಹೇಗೆ ಬಂತು? ನಮ್ಮ ಉಪಕೇಂದ್ರದ ಸಿಸ್ಟರ್ ಬಿಡಿಸಿ ಹೇಳಿದರು. ಹತ್ತು ಮತ್ತು ಹದಿನಾರು ವರ್ಷಕ್ಕೆ ಶಾಲೆಯಲ್ಲಿ ಹಾಕುವುದು ಟಿ.ಡಿ. ಅದರಲ್ಲಿ ಧನುರ್ವಾಯು ಮತ್ತು ಗಂಟಲುಮಾರಿಗೆ ರಕ್ಷಣೆ ಇದೆ, ನಾಯಿಕೆಮ್ಮಿಗೆ ಇಲ್ಲ. ಐದು ವರ್ಷಕ್ಕೆ ಹಾಕಿದ ಡಿಪಿಟಿಯ ಬಲ ವರ್ಷ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಅಷ್ಟೇ ಅಲ್ಲ, ಒಂದು ಸಲ ನಾಯಿಕೆಮ್ಮು ಬಂದು ಹೋದವರಿಗೂ ಮತ್ತೆ ಬರಬಹುದು. ದಡಾರದ ಹಾಗೆ ಜನ್ಮಕ್ಕೊಂದೇ ಸಲ ಅಲ್ಲ. ಅಂದರೆ ನಾವು ದೊಡ್ಡ ಮಕ್ಕಳು ಗಟ್ಟಿಯಾಗಿದ್ದೇವೆ, ನಮಗೆ ಬಂದರೂ ಬರೀ ರಾತ್ರಿ ಕೆಮ್ಮಾಗಿ ಹೋಗುತ್ತದೆ. ಆದರೆ ಅದನ್ನು ಹೊತ್ತುಕೊಂಡು ತಿರುಗುವವರು ನಾವೇ.

ಮಗುವಿಗಾದರೋ ಮೊದಲ ಲಸಿಕೆ ಆರು ವಾರಕ್ಕೆ. ನಮ್ಮ ಪಾಪುವಿಗೆ ಆಗ ಐದು ವಾರ ಆಗಿತ್ತು. ಇನ್ನೊಂದು ವಾರ ಇತ್ತು, ಅಷ್ಟೇ. ಆರು ವಾರಕ್ಕೆ ಹಾಕಿದರೂ ಒಂದೇ ಸೂಜಿಗೆ ಪೂರ್ತಿ ರಕ್ಷಣೆ ಬರುವುದಿಲ್ಲ, ಹತ್ತು ಮತ್ತು ಹದಿನಾಲ್ಕನೇ ವಾರದ್ದೂ ಆಗಬೇಕು. ಅಲ್ಲಿಯವರೆಗೆ ಮಗುವಿಗೆ ರಕ್ಷಣೆ ಅಂದರೆ ಸುತ್ತ ಇರುವ ಜನ. ಇಂಗ್ಲೆಂಡಿನಲ್ಲಿ ೨೦೧೨ರಲ್ಲಿ ನಾಯಿಕೆಮ್ಮು ಜೋರಾಗಿ ಹಬ್ಬಿ ೧೪ ಹಸುಗೂಸುಗಳು ತೀರಿಕೊಂಡವು. ಆಗಿನಿಂದ ಅಲ್ಲಿ ಗರ್ಭಿಣಿಯರಿಗೇ ಲಸಿಕೆ ಕೊಟ್ಟು, ತಾಯಿಯ ರಕ್ಷಣೆ ಹೊಟ್ಟೆಯಲ್ಲಿರುವ ಮಗುವಿಗೆ ಇಳಿಯುವಂತೆ ಮಾಡುತ್ತಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವುದು ಟಿ.ಡಿ. ಅದರಲ್ಲಿ ನಾಯಿಕೆಮ್ಮಿನ ಭಾಗ ಇಲ್ಲ ಎಂದು ಆಗಲೇ ಹೇಳಿದೆನಲ್ಲ.

ಈ ಲಸಿಕೆ ಹುಟ್ಟಿದ ಕಥೆಯನ್ನು ಮೇಷ್ಟ್ರು ಓದಿ ಹೇಳಿದರು. ನನಗೆ ಬಹಳ ಇಷ್ಟವಾದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ರೋಗಾಣುವನ್ನು ೧೯೦೬ರಲ್ಲಿ ಬೇರ್ಪಡಿಸಿ ಬೆಳೆಸಿದವರು ಬೆಲ್ಜಿಯಂ ದೇಶದ ಜೂಲ್ ಬಾರ್ಡೆ ಮತ್ತು ಒಕ್ಟಾವ್ ಜಾಂಗು. ಬಾರ್ಡೆಯವರ ಹೆಸರೇ ಬ್ಯಾಕ್ಟೀರಿಯಾಕ್ಕೆ ಬಂದದ್ದು. ಆದರೆ ಚೆನ್ನಾಗಿ ಕೆಲಸ ಮಾಡುವ ಲಸಿಕೆ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಅದನ್ನು ಮಾಡಿದವರು ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಿನ ಇಬ್ಬರು ಮಹಿಳೆಯರು, ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಇಬ್ಬರೂ ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರು. ಇಬ್ಬರಿಗೂ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಿತ್ತು.

ಅದು ೧೯೩೨. ಅಲ್ಲಿ ದೊಡ್ಡ ಬಡತನದ ಕಾಲ, ಕೆಲಸವಿಲ್ಲದವರೇ ಎಲ್ಲ ಕಡೆ. ಹಗಲು ಪ್ರಯೋಗಾಲಯದಲ್ಲಿ ನೀರು, ಹಾಲು ಪರೀಕ್ಷಿಸುವ ಸರ್ಕಾರಿ ಕೆಲಸ ಮುಗಿಸಿ, ಸಂಜೆ ಇಬ್ಬರೂ ಕೆಮ್ಮುವ ಮಕ್ಕಳಿದ್ದ ಮನೆಗಳಿಗೆ ಹೋಗುತ್ತಿದ್ದರು. ಎಷ್ಟೋ ಮನೆಗಳಲ್ಲಿ ಬೆಳಕು ಅಂದರೆ ಸೀಮೆಎಣ್ಣೆ ದೀಪ. ಮಗುವಿನ ಬಾಯಿಯ ಮುಂದೆ ಒಂದು ಗಾಜಿನ ತಟ್ಟೆ ಹಿಡಿದು ಅದರ ಮೇಲೆ ಕೆಮ್ಮಿಸುತ್ತಿದ್ದರು. ತಟ್ಟೆಯಲ್ಲಿ ಆಲೂಗಡ್ಡೆ ಸಾರ, ಗ್ಲಿಸರಿನ್ ಮತ್ತು ರಕ್ತ ಬೆರೆಸಿದ ಪಾಕ. ಅದರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳೆದರೆ ಮಗು ಇನ್ನೂ ರೋಗ ಹರಡುತ್ತಿದೆ, ಬೆಳೆಯದಿದ್ದರೆ ಹೊರಗೆ ಬಿಡಬಹುದು. ಹೀಗೆ ಸಿಕ್ಕಿದ ಬ್ಯಾಕ್ಟೀರಿಯಾವನ್ನೇ ಕೊಂದು ಲಸಿಕೆ ಮಾಡಿದರು. ೧೯೩೪ರಲ್ಲಿ ಶುರುವಾದ ಪರೀಕ್ಷೆಯ ಮೊದಲ ಲೆಕ್ಕ ಹೀಗಿತ್ತು: ಲಸಿಕೆ ಹಾಕಿಸಿಕೊಂಡ ೭೧೨ ಮಕ್ಕಳಲ್ಲಿ ನಾಲ್ವರಿಗೆ ಮಾತ್ರ, ಅದೂ ಹಗುರವಾಗಿ, ರೋಗ ಬಂತು. ಹಾಕಿಸಿಕೊಳ್ಳದ ೮೮೦ ಮಕ್ಕಳಲ್ಲಿ ೪೫ ಜನಕ್ಕೆ ಜೋರಾಗಿಯೇ ಬಂತು. ಗಣಿತ ಮಾಡುವವರು ಶೇಕಡಾ ತೆಗೆದು ನೋಡಿ. ಮುಂದೆ ೧೯೪೦ರ ದಶಕದಲ್ಲಿ ಇದನ್ನೇ ಗಂಟಲುಮಾರಿ ಮತ್ತು ಧನುರ್ವಾಯು ಲಸಿಕೆಗಳ ಜೊತೆ ಸೇರಿಸಿದರು. ಅದೇ ಡಿಪಿಟಿ. ನಮ್ಮ ದೇಶದಲ್ಲಿ ೧೯೭೮ರ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ಈಗ ಎಳೆ ಮಕ್ಕಳಿಗೆ ಕೊಡುವ ಪೆಂಟಾವೇಲೆಂಟ್‌ನಲ್ಲಿ ಈ ಮೂರರ ಜೊತೆ ಇನ್ನೆರಡು ಸೇರಿವೆ.

ಪಾಪು ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ತೂಕ ಹುಟ್ಟಿದಾಗಿನಷ್ಟಕ್ಕೇ ಇಳಿದಿತ್ತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅಂಗನವಾಡಿಯಲ್ಲಿ ಮೊದಲನೇ ಪೆಂಟಾ ಹಾಕಿಸಿದರು. ಸಂಜೆಗೆ ಜ್ವರ, ತೊಡೆ ಗಟ್ಟಿಯಾಗಿ ಊದಿತು, ರಾತ್ರಿಯೆಲ್ಲ ಅಳು. ಅಜ್ಜಿಗೆ ಸಿಟ್ಟು ಬಂತು. “ಬದುಕಿ ಬಂದಿರೋ ಮಗೀಗೆ ಸೂಜಿ ಹಾಕ್ಸಿ ಜ್ವರ ಬರಿಸ್ಕಂಡ್ ಬಂದ್ರಿ. ಇನ್ನೊಂದು ಸೂಜಿ ಬ್ಯಾಡ, ನಾನಿರೋಗಂಟ ಬ್ಯಾಡ.” ಅಕ್ಕನೂ ಹೆದರಿಬಿಟ್ಟಿದ್ದಳು. ಭಾವ ಫೋನಿನಲ್ಲಿ ‘ನೀವೇ ನೋಡಿ’ ಅಂದರು.

ನಾನು ಅಜ್ಜಿಯನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಅಜ್ಜಿ ಹೆತ್ತದ್ದು ಏಳು, ಉಳಿದದ್ದು ನಾಲ್ಕು. ಅವಳ ಕಾಲದಲ್ಲಿ ನಾಯಿಕೆಮ್ಮಿಗೆ ಕತ್ತೆ ಹಾಲು ಕುಡಿಸುವುದು, ತಾಯತ ಕಟ್ಟುವುದು, ಕೆಲವರು ಹೊಟ್ಟೆಗೆ ಬರೆ ಹಾಕುವುದು ಇತ್ತಂತೆ. ಕತ್ತೆ ಹಾಲಿನಿಂದ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಬರೆ ಹಾಕಿದರೆ ಇರುವ ನೋವಿಗೆ ಸುಟ್ಟ ಗಾಯ ಸೇರುತ್ತದೆ, ಅಷ್ಟೇ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ ಎಂದು ಮೇಡಂ ಹೇಳಿದರು. ಅಜ್ಜಿ ಇದನ್ನೆಲ್ಲ ಒಪ್ಪಿಕೊಂಡಳು. ಸೂಜಿಯೊಂದನ್ನೇ ಒಪ್ಪಲಿಲ್ಲ.

ಜ್ವರದ ಮಾತು ಸುಳ್ಳಲ್ಲ. ನಮ್ಮಲ್ಲಿ ಹಾಕುವ ಲಸಿಕೆಯಲ್ಲಿ ಸತ್ತ ಬ್ಯಾಕ್ಟೀರಿಯಾ ಇಡಿಯಾಗಿಯೇ ಇರುವುದರಿಂದ ಅನೇಕ ಮಕ್ಕಳಿಗೆ ಒಂದೆರಡು ದಿನ ಜ್ವರ, ಊತ ಬರುತ್ತದೆ. ಬ್ಯಾಕ್ಟೀರಿಯಾದ ಕೆಲವು ಭಾಗಗಳನ್ನು ಮಾತ್ರ ಬಳಸುವ ಲಸಿಕೆಯೂ ಇದೆ. ಅದರಲ್ಲಿ ಜ್ವರ ಕಡಿಮೆ, ಆದರೆ ರಕ್ಷಣೆ ಬೇಗ ಇಳಿಯುತ್ತದೆ. ಈ ಜ್ವರಕ್ಕೆ ಹೆದರಿ ಲಸಿಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೇಷ್ಟ್ರು ಜಪಾನಿನ ಉದಾಹರಣೆ ಕೊಟ್ಟರು. ಅಲ್ಲಿ ೧೯೭೪ರ ಹೊತ್ತಿಗೆ ನಾಯಿಕೆಮ್ಮು ಹೆಚ್ಚು ಕಡಿಮೆ ಮುಗಿದೇ ಹೋಗಿತ್ತು. ಇಡೀ ದೇಶದಲ್ಲಿ ಆ ವರ್ಷ ೩೯೩ ಜನಕ್ಕೆ ಬಂದಿತ್ತು, ಒಬ್ಬರೂ ಸತ್ತಿರಲಿಲ್ಲ. ಅದೇ ಸಮಯದಲ್ಲಿ ಲಸಿಕೆ ಹಾಕಿಸಿಕೊಂಡ ಎರಡು ಮಕ್ಕಳು ತೀರಿಕೊಂಡವೆಂದು ಗಾಬರಿಯಾಗಿ, ೧೯೭೫ರಲ್ಲಿ ಲಸಿಕೆ ನಿಲ್ಲಿಸಿದರು. ಮತ್ತೆ ಶುರು ಮಾಡಿದರೂ ಜನ ಬರಲಿಲ್ಲ. ೧೯೭೯ರಲ್ಲಿ ೧೩ ಸಾವಿರಕ್ಕೂ ಹೆಚ್ಚು ಜನಕ್ಕೆ ನಾಯಿಕೆಮ್ಮು ಬಂದು ೪೧ ಸಾವು ಆಯಿತು.

ಈ ಲೆಕ್ಕವನ್ನು ನಾನು ಅಜ್ಜಿಗೆ ಓದಿ ಹೇಳಿದೆ. “ಜಪಾನ್ ಯಾವ ಊರ ಪಕ್ಕ ಐತೆ?” ಅಂದಳು. ಲೆಕ್ಕದಿಂದ ಏನೂ ಆಗಲಿಲ್ಲ. ಅಜ್ಜಿಯ ಮನಸ್ಸು ತಿರುಗಿದ್ದು ಆಸ್ಪತ್ರೆಯಲ್ಲಿ ನೋಡಿದ್ದ ಇನ್ನೊಂದು ಮಗುವಿನಿಂದ.

ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದಲ್ಲಿ ಎಂಟು ತಿಂಗಳ ಒಂದು ಗಂಡು ಮಗು ಇತ್ತು. ತಂದೆ ತಾಯಿ ಕಬ್ಬು ಕಡಿಯಲು ಊರೂರು ತಿರುಗುವವರು. ಮಗುವಿಗೆ ಜ್ವರ ಬಂದು, ಹಾಲು ಬಿಟ್ಟು, ಕೀರಲು ದನಿಯಲ್ಲಿ ಅಳುತ್ತಿತ್ತಂತೆ. ಎತ್ತಿಕೊಂಡರೆ ಅಳು ಇನ್ನೂ ಜಾಸ್ತಿ. ನೆತ್ತಿಯ ಮೆತ್ತನೆ ಜಾಗ ಉಬ್ಬಿಕೊಂಡಿತ್ತು. ಆಮೇಲೆ ಫಿಟ್ಸ್ ಬಂತು. ಇದು ಮಿದುಳುಪೊರೆಯ ಜ್ವರ. ನಮ್ಮ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಮೂರು ಪದರದ ಪೊರೆ ಇದೆ, ರೋಗಾಣು ಅಲ್ಲಿಗೆ ಮುಟ್ಟಿ ಬಾವು ಬರುವುದೇ ಈ ಕಾಯಿಲೆ. ದೊಡ್ಡವರಿಗಾದರೆ ತಲೆನೋವು, ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತ, ಬೆಳಕು ಕಂಡರೆ ಆಗದಿರುವುದು ಇರುತ್ತದೆ. ಎಳೆ ಮಗುವಿನಲ್ಲಿ ಕುತ್ತಿಗೆ ಬಿಗಿಯದೆಯೂ ಇರಬಹುದು. ಹಾಗಾಗಿ ನೆತ್ತಿ ಮುಟ್ಟಿ ನೋಡುತ್ತಾರೆ. ಸೊಳ್ಳೆಯಿಂದ ಬರುವ ‘ಮೆದುಳು ಜ್ವರ’ ಬೇರೆ, ಅದು ವೈರಸ್ಸಿನದು ಮತ್ತು ಮಿದುಳಿಗೇ ಬರುವಂಥದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ.

ಆ ಮಗುವಿನ ಬೆನ್ನಿನಿಂದ ನೀರು ತೆಗೆಯಬೇಕು ಎಂದಾಗ ತಾಯಿ ಬೇಡವೇ ಬೇಡ ಎಂದು ಕೂತಳು, ಕಾಲು ಬಿದ್ದು ಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲೆ, ಸೊಂಟದ ಕೆಳಭಾಗದಲ್ಲಿ, ಹುರಿಗೆ ತಾಗುವುದಿಲ್ಲ ಎಂದು ಮೇಡಂ ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದಳು. ತೆಳ್ಳಗೆ ತಿಳಿಯಾಗಿ ಇರಬೇಕಾದ ದ್ರವ ಮಬ್ಬಾಗಿತ್ತು. ಮಗು ಉಳಿಯಿತು. ಆದರೆ ಬಾಗಿಲು ಧಡ್ ಎಂದರೂ ತಿರುಗಿ ನೋಡುತ್ತಿರಲಿಲ್ಲ. ಕಿವಿ ಪರೀಕ್ಷೆಗೆ ಮತ್ತೆ ಬನ್ನಿ ಎಂದು ಚೀಟಿ ಕೊಟ್ಟರು. ಈ ಕಾಯಿಲೆಯಿಂದ ಬದುಕಿದ ಮಕ್ಕಳಲ್ಲಿ ಕೆಲವರಿಗೆ ಹೀಗೆ ಕಿವಿ ಹೋಗುವುದುಂಟು.

ಆ ಮಗುವಿಗೆ ಒಂದು ಪೆಂಟಾವೂ ಆಗಿರಲಿಲ್ಲ. ಪೆಂಟಾದ ಐದರಲ್ಲಿ ಐದನೆಯದು ‘ಹಿಬ್’ ಎಂಬ ಬ್ಯಾಕ್ಟೀರಿಯಾಕ್ಕೆ, ನಾಲ್ಕನೆಯದು ಕಾಮಾಲೆ ‘ಬಿ’ಗೆ. ಹಿಬ್ ಎಳೆ ಮಕ್ಕಳಲ್ಲಿ ಮಿದುಳುಪೊರೆಯ ಜ್ವರ ತರುವ ಮುಖ್ಯ ರೋಗಾಣುಗಳಲ್ಲಿ ಒಂದು. ಇನ್ನೊಂದು ನ್ಯುಮೋಕಾಕಸ್. ಅದಕ್ಕೆ ಪಿಸಿವಿ ಲಸಿಕೆ ೨೦೨೧ರಿಂದ ದೇಶದಲ್ಲೆಲ್ಲ ಸಿಗುತ್ತಿದೆ, ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ. ಕ್ಷಯದ ರೋಗಾಣುವೂ ಮಿದುಳುಪೊರೆಗೆ ಹೋಗಬಲ್ಲದು. ನಿಮ್ಮ ಎಡತೋಳಿನ ಮೇಲೆ ಒಂದು ಸಣ್ಣ ಗುಂಡನೆಯ ಕಲೆ ಇದೆಯಾ ನೋಡಿಕೊಳ್ಳಿ. ಅದು ಹುಟ್ಟಿದಾಗ ಹಾಕಿದ ಬಿಸಿಜಿ. ಚಿಕ್ಕ ಮಕ್ಕಳನ್ನು ಆ ಬಗೆಯ ಮಿದುಳುಪೊರೆಯ ಜ್ವರದಿಂದ ಕಾಯುವುದೇ ಅದರ ದೊಡ್ಡ ಕೆಲಸ. ಕೆಲಸಕ್ಕೆ ಬೇರೆ ಊರಿಗೆ ಹೋಗುವವರು ತಾಯಿ ಕಾರ್ಡು ಜೊತೆಗಿಟ್ಟುಕೊಂಡರೆ ಯಾವ ಊರಿನ ಅಂಗನವಾಡಿಯಲ್ಲಾದರೂ ಲಸಿಕೆ ಹಾಕುತ್ತಾರೆ, ದುಡ್ಡಿಲ್ಲ. ಆ ತಾಯಿಗೆ ಇದು ಗೊತ್ತಿರಲಿಲ್ಲ.

ಸಿಸ್ಟರ್ ಮನೆಗೆ ಬಂದು, “ಅಜ್ಜಿ, ಆಸ್ಪತ್ರೆಲಿ ಪಕ್ಕದ ಮಂಚದ ಮಗು ಇತ್ತಲ್ಲ, ಅದಕ್ಕೆ ತಪ್ಪಿದ್ದು ಇದೇ ಸೂಜಿ” ಅಂದರು. ಅಜ್ಜಿ ಏನೂ ಮಾತಾಡಲಿಲ್ಲ. ಮುಂದಿನ ಗುರುವಾರ ತಾನೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗನವಾಡಿಗೆ ಹೋಗಿ ಕೂತಿದ್ದಳು. ಎರಡನೇ ಸಲವೂ ಜ್ವರ ಬಂತು. ಸಿಸ್ಟರ್ ಕೊಟ್ಟಿದ್ದ ಪ್ಯಾರಾಸಿಟಮಾಲ್ ಹನಿ ಹಾಕಿದೆವು, ಮಾರನೇ ದಿನಕ್ಕೆ ಇಳಿಯಿತು.

ನಮ್ಮ ತರಗತಿಯಲ್ಲಿ ಈಗ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದರೆ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಎಲ್ಲ ಕೆಮ್ಮೂ ನಾಯಿಕೆಮ್ಮಲ್ಲ, ಕ್ಷಯವೂ ಇರಬಹುದು, ಬರೀ ಧೂಳೂ ಇರಬಹುದು. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ, ನಿಮಗೆ ಕೆಮ್ಮಿದ್ದರೆ, ಮಗುವನ್ನು ಎತ್ತಿಕೊಳ್ಳಬೇಡಿ. ದೂರದಿಂದ ಮಾತಾಡಿಸಿ. ಆಸೆ ಆಗುತ್ತದೆ, ನನಗೆ ಗೊತ್ತು.

ಪಾಪುವಿಗೆ ಮೂರು ಪೆಂಟಾ ಮುಗಿದಿವೆ, ಒಂಬತ್ತು ತಿಂಗಳ ದಡಾರದ ಸೂಜಿಯೂ ಆಗಿದೆ. ಬರುವ ಸಂಕ್ರಾಂತಿಗೆ ಹದಿನಾರು ತಿಂಗಳು, ಆಗ ಡಿಪಿಟಿ. ತಾಯಿ ಕಾರ್ಡನ್ನು ಅಕ್ಕ ಟ್ರಂಕಿನಲ್ಲಿ ಇಟ್ಟಿದ್ದಳು, ಅಜ್ಜಿ ತೆಗೆದು ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದಾಳೆ.

ಹತ್ತನೇ ತರಗತಿ ‘ಬಿ’ ವಿಭಾಗದ ವಿದ್ಯಾರ್ಥಿನಿ